ಬೆರಳಿನ ತಪ್ಪು

ಯಾರ ಫೋನನ್ನೇ ಆಗಲಿ, ಕೈಗೆ ತೆಗೆದುಕೊಂಡ ಕೂಡಲೇ ಅವರು ಮೊದಲು ಅಂಗಿಯ ಚುಂಗಿನಿಂದ ಅದರ ಮುಖ ಒರೆಸುತ್ತಿದ್ದರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, "ಏನಾಗಿದೆಯಪ್ಪಾ ನಿಂಗೆ?" ಎಂದು ಅದನ್ನೇ ಕೇಳುತ್ತಿದ್ದರು. ಫೋನಿನ ಒಡೆಯನನ್ನು ಕೇಳುತ್ತಿರಲಿಲ್ಲ. ಒಡೆಯನಿಗೆ ಏನು ಗೊತ್ತಿರುತ್ತದೆ ಎಂಬುದು ಅವರ ಅಭಿಪ್ರಾಯ.

ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ಲೈಬ್ರರಿಯ ಕೋಣೆಯೊಂದರಲ್ಲಿ ಶುಕ್ರವಾರ ಸೇರುವ ನಮ್ಮಂಥ ಮುದುಕ ಮುದುಕಿಯರಿಗೆ ಅವರು ಸೆಟ್ಟಿಂಗ್ಸ್ ಸಾರ್. ನಮ್ಮ ಮಕ್ಕಳಿಗೆ ಸೆಟ್ಟಿಂಗ್ಸ್ ಅಂಕಲ್. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಈ ವರ್ಷ ಹಿಮ ಕರಗುವ ಹೊತ್ತಿಗೆ ಅವರು ತೀರಿಕೊಂಡರು. ಕನ್ನಡ ಕೂಟದ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಚಿಕೆಯವರು ನನ್ನನ್ನು ಕೇಳಿದರು. "ನೀವು ಯಾವಾಗ್ಲೂ ಅವ್ರ ಪಕ್ಕದಲ್ಲೇ ಕೂರ್ತಿದ್ರಲ್ಲ" ಎಂದರು. ಹೌದು, ಪಕ್ಕದಲ್ಲೇ ಕೂರುತ್ತಿದ್ದೆ. ಅಲ್ಲಿ ಕೂತು ನಾನು ಏನು ಮಾಡಿದೆ ಎಂಬುದನ್ನೇ ಬರೆಯುತ್ತಿದ್ದೇನೆ.

ಅವರು ಮೈಸೂರಿನ ಇಂಜಿನಿಯರ್. ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬ್ರೇಕುಗಳ ಕೆಲಸ ಮಾಡಿ ನಿವೃತ್ತರಾದವರು. ನಾನು ತಿಪಟೂರಿನಲ್ಲಿ ಹೈಸ್ಕೂಲು ಮುಗಿಸಿದವನು, ಅಷ್ಟೇ. ಹೆಂಡತಿ ನರ್ಸ್ ಆಗಿದ್ದಳು. ಅವಳ ಕೆಲಸದ ಬೆನ್ನು ಹಿಡಿದು ಷಿಕಾಗೋಗೆ ಬಂದೆ. ವಿಮಾನ ನಿಲ್ದಾಣದ ಪಕ್ಕ ಎಲ್ಕ್ ಗ್ರೋವ್ ವಿಲೇಜ್‌ನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಲೇ ಮುದುಕನಾದೆ. ಅವಳು ಹೋದ ಮೇಲೆ ಮಗ ನನ್ನನ್ನು ಇಲ್ಲಿ, ಡೆಟ್ರಾಯಿಟ್ ಕಡೆಯ ತನ್ನ ಮನೆಗೆ ಕರೆದುಕೊಂಡು ಬಂದ.

ಶುಕ್ರವಾರದ ಕೂಟಕ್ಕೆ ನಾನು ಮೊದಲ ಸಲ ಹೋದಾಗ ಮೇಜಿನ ಮೇಲೆ ಮದುವೆ ಮನೆಯಲ್ಲಿರುವಂಥ ದೊಡ್ಡ ಸ್ಟೀಲ್ ಹರಿವಾಣ ಇತ್ತು. ಅದರ ತುಂಬ ಫೋನುಗಳು, ಒಂದೊಂದಕ್ಕೂ ಒಂದೊಂದು ವೈರು. ಆಸ್ಪತ್ರೆಯ ವಾರ್ಡಿನಂತೆ ಕಂಡಿತು.

"ಫೋನ್ ತಟ್ಟೆಗೆ, ಊಟ ಬಾಯಿಗೆ" ಎಂದು ಅವರು ನನ್ನತ್ತ ಕೈ ಚಾಚಿದರು. ಅದು ಅವರ ಕಾನೂನು. ಮಾತಾಡುವಾಗ, ಉಣ್ಣುವಾಗ ಯಾರ ಕೈಯಲ್ಲೂ ಫೋನ್ ಇರಕೂಡದು. ಎಲ್ಲ ತಟ್ಟೆಯಲ್ಲಿ ಚಾರ್ಜ್ ಆಗುತ್ತಿರಬೇಕು. ತಮ್ಮದನ್ನೂ ಅಲ್ಲೇ ಇಡುತ್ತಿದ್ದರು.

ಇನ್ನೊಂದು ಕಾನೂನಿತ್ತು. ನಮ್ಮಲ್ಲಿ ಪಿನ್ ಮರೆಯದವರೇ ಇರಲಿಲ್ಲ. ಹುಬ್ಬಳ್ಳಿಯ ಗಂಗಮ್ಮನವರು ಮೂರು ಬಾರಿ ತಪ್ಪು ಒತ್ತಿ, ತಂಗಿಯ ಜೊತೆ ಮಾತಾಡಲಾಗದೆ ಅತ್ತಿದ್ದರಂತೆ. ಆಗ ಇವರು ಎಲ್ಲರ ಫೋನಿಗೂ ಒಂದೇ ಪಿನ್ ಇಟ್ಟುಬಿಟ್ಟರು. ಮೈಸೂರಿನಲ್ಲಿ ತಾವು ಮೊದಲು ಕೊಂಡ ಸ್ಕೂಟರಿನ ನಂಬರು. ಒಬ್ಬರು ಮರೆತರೆ ಪಕ್ಕದವರನ್ನು ಕೇಳಿದರಾಯಿತು.

"ನಿಮ್ದೂ ಅದೇನಾ ಸಾರ್?" ಎಂದು ಕೇಳಿದೆ.

"ಮತ್ತೆ? ನಿಮ್ಮದೆಲ್ಲ ಒಂದು, ನನ್ನದು ಇನ್ನೊಂದು ಅಂದ್ರೆ ಚೆನ್ನಾಗಿರುತ್ತೇನ್ರಿ? ನಂಬಿಕೆ ಇರ್ಬೇಕು."

ದಾವಣಗೆರೆಯ ಇಕ್ಬಾಲ್ ಭಾಯಿ, ಪೆಟ್ರೋಲ್ ಬಂಕ್ ಇಟ್ಟು ಈಗ ಮಗನಿಗೆ ಬಿಟ್ಟವರು, ಇದಕ್ಕೆ ಹೇಳಿದರು: "ನಮ್ಮನೇಲಿ ಹೆಂಡ್ತಿಗೂ ಗೊತ್ತಿಲ್ಲ ನನ್ನ ಪಿನ್ನು. ಈ ತಟ್ಟೆಗೆ ಗೊತ್ತು."

ನನ್ನ ಫೋನನ್ನು ಒರೆಸಿ, ಅಕ್ಷರ ದಪ್ಪ ಮಾಡಿ, ಅದರ ಜೊತೆ ಮಾತಾಡುವುದನ್ನು ಕಲಿಸಿದವರು ಅವರೇ. ಗುಂಡಿ ಒತ್ತಿ ಹಿಡಿದು ಬೇಕಾದ್ದನ್ನು ಕೇಳಬಹುದು, ಕನ್ನಡದಲ್ಲಿ ಕೇಳಿದರೂ ಉತ್ತರ ಹೇಳುತ್ತದೆ ಎಂದರು. ನಾನು ಹಿಂಜರಿದೆ. "ಹೆದರ್ಬೇಡಿ, ಒತ್ತಿ. ಬಾಂಬ್ ಅಲ್ಲ ಅದು" ಎಂದರು. ಅವರ ಇನ್ನೊಂದು ಮಾತು ಎಲ್ಲರಿಗೂ ಬಾಯಿಪಾಠ ಆಗಿತ್ತು: "ಫೋನ್ ತಪ್ಪು ಮಾಡಲ್ಲ ಕಣ್ರಿ. ಬೆರಳು ತಪ್ಪು ಮಾಡುತ್ತೆ."

ಆ ಫೋನ್ ನನಗೆ ಕೊಟ್ಟ ಸುಖವನ್ನು ಹೇಗೆ ಹೇಳಲಿ. ಈ ದೇಶದಲ್ಲಿ ಇಷ್ಟು ವರ್ಷ ನಾನು ಗೊತ್ತಿಲ್ಲದ್ದನ್ನೆಲ್ಲ ಗೊತ್ತಿದ್ದವನಂತೆ ತಲೆಯಾಡಿಸಿ ದಾಟಿದ್ದೆ. ಸೂಪರ್‌ವೈಸರ್ ಜೋಕು ಹೇಳಿದರೆ ಉಳಿದವರು ನಕ್ಕ ಮೇಲೆ ನಗುತ್ತಿದ್ದೆ. ಹೆಂಡತಿ ಇದ್ದಾಗ ಅವಳನ್ನು ಕೇಳುತ್ತಿದ್ದೆ. ಅವಳಿಲ್ಲದ ಮೇಲೆ ಮಗನನ್ನು ಕೇಳಲು ನಾಚಿಕೆ, ಮೊಮ್ಮಗನನ್ನು ಕೇಳಿದರೆ ನಗು. ಈಗ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಫೋನನ್ನು ಕೇಳತೊಡಗಿದೆ. ಇನ್ಶೂರೆನ್ಸ್‌ನವರು ಡಿಡಕ್ಟಿಬಲ್ ಅನ್ನುತ್ತಾರಲ್ಲ, ಹಾಗೆಂದರೇನು. ಮೊಮ್ಮಗ ತಾತನಿಗೆ 'ಬ್ರೋ' ಎಂದರೆ ಅದು ಸಲಿಗೆಯೋ ಅಗೌರವವೋ. ಒಂದು ಇಂಗ್ಲಿಷ್ ವಾಕ್ಯವನ್ನು ಹೇಳಿಸಿ, ನಾನೂ ಹೇಳಿ, ಮತ್ತೆ ಹೇಳಿಸಿಕೊಳ್ಳುತ್ತಿದ್ದೆ. ಎಷ್ಟು ಸಲ ಕೇಳಿದರೂ ಅದಕ್ಕೆ ಬೇಸರವಿಲ್ಲ. ಮುಖ್ಯವಾಗಿ, ಅದು ನಗುವುದಿಲ್ಲ.

ಆ ವರ್ಷ ವಸಂತದಲ್ಲಿ ನಾವೆಲ್ಲ ಬಸ್ಸು ಮಾಡಿಕೊಂಡು ಟ್ಯೂಲಿಪ್ ಹೂ ನೋಡಲು ಹೋಗಿದ್ದೆವು. ನನ್ನ ಫೋಟೋಗಳು ಚೆನ್ನಾಗಿ ಬಂದಿದ್ದವು. ಮುಂದಿನ ಶುಕ್ರವಾರ ಅವನ್ನು ಲೈಬ್ರರಿಯ ದೊಡ್ಡ ಟಿವಿಯಲ್ಲಿ ತೋರಿಸುತ್ತೇನೆ ಎಂದು ಅವರು ತಟ್ಟೆಯಿಂದ ನನ್ನ ಫೋನ್ ಎತ್ತಿಕೊಂಡರು. ಒರೆಸಿದರು. ಟಿವಿಗೆ ಸೇರಿಸಿದರು. ಅವತ್ತು ನನ್ನ ಸೊಸೆ ಪುಳಿಯೋಗರೆ ಕೊಟ್ಟುಹೋಗಲು ಬಂದವಳು, ಫೋಟೋ ನೋಡಿಕೊಂಡೇ ಹೋಗೋಣ ಎಂದು ಬಾಗಿಲ ಬಳಿ ನಿಂತಿದ್ದಳು.

ಟಿವಿಯಲ್ಲಿ ಬಂದದ್ದು ಹೂವಲ್ಲ. ನಾನು ಫೋನನ್ನು ಕೇಳಿದ ಪ್ರಶ್ನೆಗಳು, ಒಂದರ ಕೆಳಗೊಂದು, ನಾನೇ ದಪ್ಪ ಮಾಡಿಸಿಕೊಂಡಿದ್ದ ಅಕ್ಷರದಲ್ಲಿ.

ತಪ್ಪಿ ಒತ್ತಿದ್ದರು, ಒಪ್ಪುತ್ತೇನೆ. ಆದರೆ ಕೂಡಲೇ ಮುಚ್ಚಬಹುದಿತ್ತು. ಅವರು ಮುಚ್ಚಲಿಲ್ಲ. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು.

"ಓಹೋಹೋ. ಕೇಳ್ರಪ್ಪಾ ಇಲ್ಲಿ. ನಮ್ಮ ನಂಜಪ್ಪನವ್ರು ಫೋನ್ ಹತ್ರ ಪಾಠ ಹೇಳಿಸ್ಕೋತಿದಾರೆ." ನನ್ನ ತಿಪಟೂರಿನ ದನಿಯನ್ನೇ ತೆಗೆದು ಓದಿದರು: "'ಬ್ರೋ ಅಂದರೆ ಮರ್ಯಾದೆಯೋ ಅಲ್ಲವೋ.'"

ಎಲ್ಲರೂ ನಕ್ಕರು. ನಾನೂ ನಕ್ಕೆ, ಅಭ್ಯಾಸಬಲ.

"'ಪಾಸ್ತಾ ಇಷ್ಟವಿಲ್ಲ ಎಂದು ಸೊಸೆಗೆ ಬೇಜಾರಾಗದಂತೆ ಹೇಗೆ ಹೇಳುವುದು.'"

ಗಂಗಮ್ಮನವರು, "ಅಯ್ಯ, ನಮ್ಮನ್ನ ಕೇಳಿದ್ರ ನಾವ ಹೇಳ್ತಿದ್ವಲ್ರೀ" ಎಂದು ಸೆರಗು ಬಾಯಿಗಿಟ್ಟು ನಕ್ಕರು.

"'ಮಗನ ಮನೆಯಲ್ಲಿ ತೊಂದರೆ ಕೊಡದ ಹಾಗೆ ಇರುವುದು ಹೇಗೆ.'"

ಈ ಸಲ ನಗು ಅರ್ಧಕ್ಕೆ ನಿಂತಿತು. ಸೊಸೆ ಬಾಗಿಲಲ್ಲಿ ಇರಲಿಲ್ಲ. ಅವಳ ಕಾರು ಹೊರಡುವ ಸದ್ದು ಕೇಳಿಸಿತು.

ಅವರಿಗೆ ಕೋಣೆ ತಣ್ಣಗಾದದ್ದು ಗೊತ್ತಾಯಿತೋ ಇಲ್ಲವೋ. "ತಮಾಷೆಗೆ ಕಣ್ರಿ" ಎಂದು ನನ್ನ ಬೆನ್ನು ತಟ್ಟಿದರು. "ಬನ್ನಿ, ಹಿಸ್ಟರಿ ಡಿಲೀಟ್ ಮಾಡೋದು ಹೇಳ್ಕೊಡ್ತೀನಿ. ಏನು ಕೇಳಿದ್ರೂ, ಏನು ಒತ್ತಿದ್ರೂ, ಒಂದು ಗುರುತೂ ಇರಲ್ಲ." ಕ್ಷಮಿಸಿ ಎನ್ನಲಿಲ್ಲ. ಪಾಠ ಹೇಳಿಕೊಟ್ಟರು. ಆ ಪಾಠವನ್ನು ನಾನು ಚೆನ್ನಾಗಿ ಕಲಿತೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಪಾಸ್ತಾ ಮಾಡುವುದು ನಿಂತಿತು. ಮೊಮ್ಮಗನಿಗೆ ಅದು ಇಷ್ಟ, ಆದರೂ ನಿಂತಿತು. ಸೊಸೆ ಪ್ರತಿಯೊಂದಕ್ಕೂ "ಮಾವ, ಇದು ಓಕೆನಾ? ಮಾವ, ಟಿವಿ ಸೌಂಡ್ ಓಕೆನಾ?" ಎನ್ನತೊಡಗಿದಳು. ಮೊದಲು ಅವಳು ನನ್ನ ಮೇಲೆ ಒಮ್ಮೊಮ್ಮೆ ರೇಗುತ್ತಿದ್ದಳು. ಹಾಗೆ ರೇಗುವುದು ಎಷ್ಟು ದೊಡ್ಡ ಭಾಗ್ಯ ಎಂದು ಆಗ ತಿಳಿಯಿತು. ನಾನು ಅತಿಥಿಯಾಗಿಬಿಟ್ಟೆ.

ಫೋನನ್ನು ಕೇಳುವುದನ್ನೂ ಬಿಟ್ಟೆ. ಗುಂಡಿ ಒತ್ತಿ ಹಿಡಿದರೆ ಅವರು ಓದುವ ದನಿ ಕೇಳುತ್ತಿತ್ತು.

ನಾನು ಜಗಳವಾಡುವ ಜಾತಿಯವನಲ್ಲ. ಕಾಯುವ ಜಾತಿಯವನು.

ಅವರಿಗೆ ಸಕ್ಕರೆ ಕಾಯಿಲೆ. ಊಟವಾದ ಮೇಲೆ ಎಲ್ಲರನ್ನೂ ಎಬ್ಬಿಸಿಕೊಂಡು ಲೈಬ್ರರಿಯ ಉದ್ದ ಕಾರಿಡಾರಿನಲ್ಲಿ ವಾಕಿಂಗ್ ಹೊರಡುತ್ತಿದ್ದರು. ನನಗೆ ಮಂಡಿನೋವು, ಹೋಗುತ್ತಿರಲಿಲ್ಲ. ಕೋಣೆಯಲ್ಲಿ ಉಳಿಯುತ್ತಿದ್ದುದು ನಾನು, ಹರಿವಾಣ, ಅದರಲ್ಲಿ ಅವರ ಫೋನು, ನನ್ನ ತಲೆಯಲ್ಲಿ ಅವರ ಸ್ಕೂಟರಿನ ನಂಬರು.

ಮೊದಲ ಸಲ ರಿಂಗ್ ಆಗದಂತೆ ಮಾಡಿಟ್ಟೆ, ಅಷ್ಟೇ. ಮುಂದಿನ ವಾರ ಅವರು ಬಂದು, "ಮಗಳು ಎರಡು ದಿನ ಫೋನ್ ಮಾಡಿದಾಳೆ, ನನಗೆ ಕೇಳಿಸೇ ಇಲ್ಲ. ಎಲ್ಲೋ ಒತ್ತಿಬಿಟ್ಟಿದೀನಿ" ಎಂದು ತಾವೇ ನಕ್ಕರು. ನಾನು ಮನೆಗೆ ಹೋಗಿ ಅವತ್ತು ಹೊಟ್ಟೆ ತುಂಬ ಉಂಡೆ. ಸುಳ್ಳೇಕೆ ಹೇಳಲಿ, ತಿಂಗಳುಗಳ ನಂತರ ಊಟ ರುಚಿಸಿತು.

ಆಮೇಲೆ ಧೈರ್ಯ ಬಂತು. ದಾರಿ ತೋರಿಸುವ ಮ್ಯಾಪಿನಲ್ಲಿ 'ಹೈವೇ ಬೇಡ' ಎಂಬುದೊಂದಿದೆ, ಅದನ್ನು ಒತ್ತಿಟ್ಟೆ. ಹಳೆಯ ಸಹೋದ್ಯೋಗಿಗಳ ಊಟಕ್ಕೆಂದು ಆಬರ್ನ್ ಹಿಲ್ಸ್‌ಗೆ ಹೊರಟ ಅವರನ್ನು ಮ್ಯಾಪು ಸಿಗ್ನಲ್ಲು ಸಿಗ್ನಲ್ಲಿಗೂ ನಿಲ್ಲಿಸುತ್ತ ಊರೂರು ಸುತ್ತಿಸಿತು. ಇವರು ತಲುಪುವಷ್ಟರಲ್ಲಿ ತಟ್ಟೆ ಎತ್ತಿಯಾಗಿತ್ತಂತೆ. ಇನ್ನೊಂದು ವಾರ ಫೋನಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದೆ. ವಾಕಿಂಗ್ ಮುಗಿಸಿ ಬಂದವರು ಅದರಲ್ಲಿದ್ದ ದೊಡ್ಡ ದೊಡ್ಡ ಕನ್ನಡ ಪದಗಳನ್ನು ನೋಡಿ ತಬ್ಬಿಬ್ಬಾದರು.

ಇಕ್ಬಾಲ್ ಭಾಯಿ ಕೆಣಕಿದರು: "ಏನ್ ಸಾರ್, ಸೆಟ್ಟಿಂಗ್ಸ್ ಸಾರಿಗೇ ಸೆಟ್ಟಿಂಗ್ಸ್ ಸಿಗ್ತಿಲ್ವಾ?"

"ಅಪ್‌ಡೇಟ್ ಆಗಿರ್ಬೇಕು ಕಣ್ರಿ" ಎಂದರು. ಕಿವಿ ಕೆಂಪಾಗಿತ್ತು. ಆ ಕೆಂಪನ್ನು ನಾನು ಕಣ್ತುಂಬ ನೋಡಿದೆ. ಟಿವಿಯ ಮುಂದೆ ನನ್ನ ಕಿವಿಯೂ ಹಾಗೇ ಇದ್ದಿರಬೇಕು.

ಕ್ಯಾಲೆಂಡರಿನಲ್ಲಿ ಅವರ ಕಣ್ಣಿನ ಡಾಕ್ಟರ ಭೇಟಿಯನ್ನು ಒಂದು ದಿನ ಮುಂದಕ್ಕೆ ಸರಿಸಿದೆ. ಗುಳಿಗೆಯ ಅಲಾರಮ್ಮುಗಳನ್ನು ಮಾತ್ರ ಮುಟ್ಟಲಿಲ್ಲ. ಅಷ್ಟು ಧರ್ಮ ನನ್ನಲ್ಲಿದೆ ಎಂದುಕೊಂಡು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅವರು ಒಂದು ಸಲವೂ ನಮ್ಮನ್ನು ಸಂಶಯಿಸಲಿಲ್ಲ. ಫೋನ್ ತಪ್ಪು ಮಾಡುವುದಿಲ್ಲ ಎಂದು ಅಷ್ಟು ವರ್ಷ ನಮಗೆ ಹೇಳಿದವರು. ಹಾಗಾದರೆ ತಪ್ಪು ಯಾರದು? ಅವರದೇ ಬೆರಳಿನದು. ದಿನ ಕಳೆದಂತೆ ಬೆರಳಿನಿಂದ ಮೇಲಕ್ಕೆ, ತಲೆಯ ಕಡೆಗೆ ಅವರ ಯೋಚನೆ ಹೋಯಿತು.

ಡಿಸೆಂಬರಿನ ಒಂದು ಮಧ್ಯಾಹ್ನ ನನ್ನನ್ನು ಮನೆಗೆ ಬಿಡಲು ಕರೆದುಕೊಂಡು ಹೊರಟವರು, ದಾರಿಯಲ್ಲಿ ಕಾಫಿ ಕೊಂಡು ಕಾರನ್ನು ಪಾರ್ಕಿಂಗಿನಲ್ಲೇ ನಿಲ್ಲಿಸಿಕೊಂಡರು. ಹೀಟರ್ ಹಾಕಿದರು. ಗಾಜು ಮಂಜಾಯಿತು.

"ನಂಜಪ್ಪನವ್ರೇ, ನಮ್ಮ ತಾಯಿಗೆ ಮರೆವಿನ ಕಾಯಿಲೆ ಇತ್ತು. ನಾನು ರಜಕ್ಕೆ ಹೋದಾಗ, 'ನೀವು ಯಾರ ಮನೆಯವ್ರಪ್ಪ, ಕಾಫಿ ಕುಡೀತೀರಾ' ಅಂದ್ರು. ನನಗೆ."

ನಾನು ಕಾಫಿ ಕುಡಿಯುತ್ತಿದ್ದೆ.

"ಅವ್ರಿಗೂ ಹೀಗೇ ಶುರುವಾಗಿದ್ದು. ಸಣ್ಣ ಸಣ್ಣದು. ನಾನು ಟೈಪ್ ಮಾಡಿದ್ದು ನಂಗೆ ನೆನಪಿದೆ ಕಣ್ರಿ, ಡಾಕ್ಟರ್ ಹತ್ರ ಹೋಗೋದು ಬುಧವಾರ ಅಂತ. ಫೋನ್ ನೋಡಿದ್ರೆ ಗುರುವಾರ. ನೀವೇನಂತೀರಿ?"

ನಾನೇನೂ ಅನ್ನಬೇಕಾಗಿರಲಿಲ್ಲ. 'ನಾನು ಮಾಡಿದ್ದು ಸಾರ್' ಎಂದಿದ್ದರೆ ಆ ಕಾರಿನಲ್ಲೇ ಮುಗಿಯುತ್ತಿತ್ತು. ಒಂದು ಬೈಗುಳ, ಹೆಚ್ಚೆಂದರೆ ಒಂದು ಏಟು. ನಾನು ಹೇಳಿದ್ದು: "ವಯಸ್ಸಾಯ್ತಲ್ಲ ಸಾರ್. ಬೆರಳು ತಪ್ಪು ಮಾಡುತ್ತೆ."

ಅವರ ಮಾತನ್ನೇ ಅವರಿಗೆ ಹಿಂದಿರುಗಿಸಿದ ಸಂತೋಷವನ್ನು ಮನೆಯವರೆಗೂ ಅನುಭವಿಸಿದೆ.

ಅವರ ಹೆದರಿಕೆ ಏನೆಂದು ಈಗ ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ಮಾಡಿದೆ. ಅದನ್ನು ಬರೆಯಲಿಕ್ಕೇ ಇಷ್ಟು ಸುತ್ತಿ ಬಂದಿದ್ದೇನೆ.

ಹೆಂಡತಿ ತೀರಿದ ಮೇಲೆ ಅವರು ದೊಡ್ಡ ಮನೆ ಮಾರಿ ಹೊಸ ಸಬ್‌ಡಿವಿಷನ್, ಅಂದರೆ ಬಡಾವಣೆ, ಒಂದರಲ್ಲಿ ಸಣ್ಣ ಮನೆ ತೆಗೆದುಕೊಂಡಿದ್ದರು. ಇಲ್ಲಿಯ ಸಬ್‌ಡಿವಿಷನ್ನುಗಳು ಗೊತ್ತಲ್ಲ, ಎಲ್ಲ ಒಂದೇ ಅಚ್ಚಿನ ಇಡ್ಲಿ. ಅದೇ ಬಣ್ಣ, ಅದೇ ಗ್ಯಾರೇಜು, ಅದೇ ಅಂಚೆ ಡಬ್ಬ. ಹಿಮ ಬಿದ್ದರಂತೂ ಅಲ್ಲಿ ಹುಟ್ಟಿದವರಿಗೂ ಗುರುತು ಸಿಗದು. ಅವರು ಯಾವಾಗಲೂ ಮ್ಯಾಪಿನಲ್ಲಿ 'ಮನೆ' ಎಂಬುದನ್ನು ಒತ್ತಿ, ಅದು ಹೇಳಿದ ಹಾಗೆ ತಿರುಗಿಸಿಕೊಂಡು ಹೋಗುತ್ತಿದ್ದರು. "ನನ್ನ ತಲೆಯನ್ನು ಇಂಥ ಸಣ್ಣ ಕೆಲಸಕ್ಕೆ ಯಾಕೆ ಬಳಸಲಿ?" ಎನ್ನುತ್ತಿದ್ದರು.

ನಾನು ಆ 'ಮನೆ'ಯ ವಿಳಾಸದಲ್ಲಿ ಬೀದಿಯ ಹೆಸರನ್ನು ಬದಲಿಸಿದೆ. ಎರಡು ಬೀದಿ ಆಚೆಯದು ಹಾಕಿದೆ. ಮನೆ ನಂಬರು ಅದೇ.

ಅವತ್ತು ಸಂಜೆ ಹಿಮ ಸುರಿಯುತ್ತಿತ್ತು. ಮ್ಯಾಪು 'ನೀವು ತಲುಪಿದ್ದೀರಿ' ಎಂದ ಕಡೆ ಅವರು ಕಾರು ತಿರುಗಿಸಿ, ಗ್ಯಾರೇಜಿನ ರಿಮೋಟ್ ಒತ್ತಿದ್ದಾರೆ. ತೆರೆಯಲಿಲ್ಲ. ಇಳಿದು ಬಾಗಿಲಿಗೆ ಬೀಗದ ಕೈ ಹಾಕಿದ್ದಾರೆ. ತಿರುಗಲಿಲ್ಲ. ಬಾಗಿಲು ತಳ್ಳಿದ್ದಾರೆ, ಬಡಿದಿದ್ದಾರೆ. ಒಳಗಿದ್ದ ಹೆಂಗಸು ಹೆದರಿ ಪೊಲೀಸರನ್ನು ಕರೆದಳು. ಪೊಲೀಸಿನವನು ಒಳ್ಳೆಯವನೇ ಅಂತೆ, ಮೆತ್ತಗೆ ಮಾತಾಡಿಸಿದ. ಇವರು ಮಾತ್ರ "ದಿಸ್ ಈಸ್ ಮೈ ಹೌಸ್" ಎಂದು ಫೋನು ತೋರಿಸುತ್ತ ಹಿಮದಲ್ಲಿ ನಿಂತೇ ಇದ್ದರಂತೆ. ಕೊನೆಗೆ ಅವನು ಅವರ ಫೋನಿನಿಂದಲೇ ಮಗಳಿಗೆ ಕರೆ ಮಾಡಿದ.

ಮಗಳು ಒಬ್ಬಳೇ, ಇಲ್ಲೇ ಹುಟ್ಟಿ ಬೆಳೆದವಳು. ಇರುವುದು ಷಿಕಾಗೋ ಕಡೆ. ಬೆಳಗಾಗುವಷ್ಟರಲ್ಲಿ ಡ್ರೈವ್ ಮಾಡಿಕೊಂಡು ಬಂದಳು. ಮರೆವಿನ ಪರೀಕ್ಷೆಗೆಂದು ಡಾಕ್ಟರು ಪ್ರಾಣಿಗಳ ಹೆಸರು ಹೇಳಿಸಿದರು, ಗಡಿಯಾರದ ಚಿತ್ರ ಬರೆಸಿದರು. ಮೊದಲೇ ಹೆದರಿದ್ದ ಮನುಷ್ಯನ ಕೈ ನಡುಗಿ ಮುಳ್ಳುಗಳು ಎಲ್ಲೆಲ್ಲೋ ಹೋದವು. ತಾಯಿಗೂ ಇತ್ತು ಎಂದು ಕೇಳಿದ ಮೇಲೆ ಡಾಕ್ಟರು ತಲೆಯಾಡಿಸಿದರಂತೆ. ಕಾರಿನ ಕೀ ಮಗಳ ಕೈಗೆ ಹೋಯಿತು. ಬ್ರೇಕು ಮಾಡಿ ಬದುಕಿದವರ ಕಾರು ಮಾರಾಟವಾಯಿತು.

ಮಗಳ ಮನೆಗೆ ಹೊರಡುವ ಮುನ್ನ ಅವರು ಹರಿವಾಣವನ್ನು ನನ್ನ ಕೈಗೆ ಕೊಟ್ಟರು. "ನೀವೇ ಇಟ್ಕೊಳ್ಳಿ. ಪ್ಲಗ್ ಹಾಕೋದೊಂದೇ ತಾನೆ, ಅಷ್ಟು ಮಾಡ್ತೀರಿ" ಎಂದರು. ಆ ಹೊತ್ತಿನಲ್ಲೂ ಹಾಗೆ. ನನ್ನ ಪಶ್ಚಾತ್ತಾಪವನ್ನು ಅವರು ಒಂದೊಂದು ಸಲ ಎಷ್ಟು ಸುಲಭವಾಗಿ ಒರೆಸಿಹಾಕುತ್ತಿದ್ದರು!

ಆದರೂ ಅದು ಮತ್ತೆ ಹುಟ್ಟಿತು. ಶುಕ್ರವಾರಗಳಲ್ಲಿ ಅವರ ಕುರ್ಚಿ ಖಾಲಿ ಇರುತ್ತಿತ್ತು. ಯಾರದಾದರೂ ಫೋನು ಕೆಟ್ಟರೆ ಎಲ್ಲರೂ ಆ ಕಡೆ ನೋಡುತ್ತಿದ್ದರು. ಬೇಸಿಗೆಯಲ್ಲಿ ಮಗನಿಗೆ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಎರಡು ದಿನದ ಕೆಲಸ ಬಿತ್ತು. ನಾನೂ ಬರುತ್ತೇನೆ ಎಂದೆ. ಅವರ ಮಗಳ ಮನೆ ನನ್ನ ಹಳೆಯ ಗೋದಾಮಿನಿಂದ ಹೈವೇಯಲ್ಲಿ ಎರಡು ಎಕ್ಸಿಟ್ ಆಚೆ.

ಅವರು ಹಿತ್ತಲ ಡೆಕ್ಕಿನ ಹಲಗೆ ಜಗಲಿಯಲ್ಲಿ ಕೂತಿದ್ದರು. ಮೈ ಇಳಿದುಹೋಗಿತ್ತು. ಮಗಳು ಒಳಗೆ ಟೀ ಮಾಡಲು ಹೋದಳು. ನಾನು ಕೂತವನೇ ಹೇಳಿದೆ. ಪೀಠಿಕೆ ಹಾಕಿದರೆ ಹೇಳಲಾರೆ ಎಂದು ಗೊತ್ತಿತ್ತು.

"ಸಾರ್, ನಿಮಗೆ ಯಾವ ಕಾಯಿಲೆನೂ ಇಲ್ಲ. ಅದೆಲ್ಲ ನಾನು ಮಾಡಿದ್ದು. ನೀವು ವಾಕಿಂಗ್ ಹೋದಾಗ."

ಅವರು ನನ್ನನ್ನು ನೋಡಿದರು. ಮೆಲ್ಲಗೆ ನಕ್ಕರು.

"ನನ್ನ ಸಮಾಧಾನಕ್ಕೆ ಹೇಳ್ತಿದೀರಿ. ಒಳ್ಳೇ ಮನಸ್ಸು ನಿಮ್ದು. ಆದ್ರೆ ನಂಜಪ್ಪನವ್ರೇ, ನಿಮ್ಮ ಕೈಲಿ ಅದೆಲ್ಲ ಆಗುತ್ತೇನ್ರಿ?"

ಮೈ ಉರಿಯಿತು. ಕಾಲಿಗೆ ಬೀಳಲು ಬಂದವನಿಗೆ ಅವರ ಕೆನ್ನೆಗೆ ಹೊಡೆಯಬೇಕೆನಿಸಿತು. "ಕೊಡಿ ಇಲ್ಲಿ" ಎಂದು ಅವರ ಫೋನ್ ಕಸಿದುಕೊಂಡೆ. ಇನ್ನೂ ಅದೇ ಸ್ಕೂಟರಿನ ನಂಬರು. ರಿಂಗು ನಿಲ್ಲಿಸಿ ತೋರಿಸಿದೆ. ಹೈವೇ ತಪ್ಪಿಸಿ ತೋರಿಸಿದೆ. ಭಾಷೆ ತಿರುಗಿಸಿ ಮತ್ತೆ ತಂದೆ. ತಾರೀಖು ಸರಿಸಿದೆ. ಅವರ ಕಣ್ಣು ನನ್ನ ಬೆರಳನ್ನೇ ಹಿಂಬಾಲಿಸುತ್ತಿತ್ತು.

"ಮನೆ ಅಡ್ರೆಸ್ಸು?"

"ಅದೂ ನಾನೇ."

ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ತೊಡೆಯ ಮೇಲೆ ಮಗುಚಿಟ್ಟರು. ಆಮೇಲೆ ಹೇಳಿದರು: "ಯಾರೋ ನನ್ನ ಫೋನ್ ಮುಟ್ತಿದಾರೆ ಅಂತ ನಾನು ಅವಳಿಗೆ ಹೇಳ್ದೆ, ಇಲ್ಲಿಗೆ ಬಂದ್ಮೇಲೆ ಕೂತು ಯೋಚನೆ ಮಾಡಿ. ಹಾಗೆ ಅನ್ಸೋದೂ ಆ ಕಾಯಿಲೆಯ ಲಕ್ಷಣವಂತೆ. ನಾನು ಹೇಳಿದಷ್ಟೂ ಕಾಯಿಲೆ ಹೆಚ್ಚಾಗುತ್ತೆ. ನೀವೇ ಹೇಳ್ಬೇಕು."

ಮಗಳು ಟೀ ತಂದಳು. "ಸೋ ವಾಟ್ ಆರ್ ಯು ಟು ಟಾಕಿಂಗ್ ಅಬೌಟ್, ಅಂಕಲ್?" ಎಂದಳು. ಅವಳ ಕನ್ನಡ ಊಟ, ನಿದ್ದೆ, ಬಾ, ಹೋಗು ಅಷ್ಟೇ.

ಅವರು ನನ್ನನ್ನೇ ನೋಡುತ್ತಿದ್ದರು.

ನಾನು ಯೋಚಿಸಿದ್ದು ಇದು: ಇವಳು ನನ್ನ ಮಗನಿಗೆ ಫೋನ್ ಮಾಡುತ್ತಾಳೆ. ಸೊಸೆಗೆ ತಿಳಿಯುತ್ತದೆ. ಕೂಟಕ್ಕೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ತಡವರಿಸುವ ನನ್ನನ್ನು ಮತ್ತೊಮ್ಮೆ ಎಲ್ಲರೂ ನೋಡುತ್ತಾರೆ. ಎಲ್ಲಕ್ಕಿಂತ ಅಡಿಯಲ್ಲಿ, 'ನಿಮ್ಮ ಕೈಲಿ ಆಗುತ್ತೇನ್ರಿ' ಎಂಬ ಮಾತು ಇನ್ನೂ ಬಿಸಿಯಾಗಿತ್ತು. ಇನ್ನಷ್ಟು ದಿನ ಇರಲಿ ಹೀಗೇ, ಎನ್ನುವ ವಿಷ.

"ನಥಿಂಗ್ ಅಮ್ಮಾ. ಫೋನ್ ನೋಡ್ತಿದ್ವಿ" ಎಂದೆ.

ಅವರು ಟೀ ಪೂರ್ತಿ ಕುಡಿದರು. ಮಗ ಕಾರು ತಂದು ಹಾರ್ನ್ ಮಾಡಿದ. ನಾನು ಎದ್ದಾಗ ಕೈ ಚಾಚಿದರು. "ನಿಮ್ಮ ಫೋನ್ ಕೊಡಿ." ಕೊಟ್ಟೆ. ಅಂಗಿಯ ಚುಂಗಿನಿಂದ ಒರೆಸಿದರು. ಕನ್ನಡಕ ಹಣೆಗೇರಿಸಿದರು. ಏನೋ ಒತ್ತಿದರು, ಟೈಪ್ ಮಾಡಿದರು, ಹಿಂದಿರುಗಿಸಿದರು. "ಇನ್ನು ನಿಮ್ಮಿಷ್ಟ" ಎಂದರು.

ಶುಕ್ರವಾರ ಹನ್ನೊಂದು ಗಂಟೆಗೆ ನಾವೆಲ್ಲ ಆಗಷ್ಟೇ ಕೂತಿದ್ದಾಗ ಹರಿವಾಣದಲ್ಲಿ ನನ್ನ ಫೋನು ಗಂಟೆ ಬಾರಿಸಿ, ಹೆಣ್ಣುದನಿಯಲ್ಲಿ ಕನ್ನಡದಲ್ಲೇ ಹೇಳಿತು: "ನಂಜಪ್ಪನವರೇ, ನನ್ನ ಮಗಳಿಗೆ ಹೇಳಿ."

"ಏನ್ರೀ ಅದು?" ಎಂದರು ಗಂಗಮ್ಮನವರು. ಅವರಿಗೆ ಕಿವಿ ಸ್ವಲ್ಪ ಮಂದ. ಉಳಿದವರು ಕುರ್ಚಿ ಎಳೆದುಕೊಳ್ಳುವ ಗದ್ದಲದಲ್ಲಿದ್ದರು.

"ಗುಳಿಗೆ ಅಲಾರಂ" ಎಂದೆ.

ಅದಾದ ಮೇಲೆ ಪ್ರತಿ ಶುಕ್ರವಾರ. ಪರದೆಯ ಕೆಳಗೆ ಮಗಳ ನಂಬರು. ಅದನ್ನು ಅಳಿಸುವುದು ಎಲ್ಲಿ ಎಂದು ನನಗೆ ಗೊತ್ತು. ಅವರೇ ಕಲಿಸಿದ್ದು. ಅಳಿಸಲಿಲ್ಲ, ಹೇಳಲೂ ಇಲ್ಲ. ಹನ್ನೊಂದಕ್ಕೆ ಮುಂಚೆ ದನಿಯನ್ನು ತಗ್ಗಿಸಿಡುತ್ತಿದ್ದೆ. ಸೇಡು ಅಂದರೆ ಏನೆಂದು ಆ ಇಂಜಿನಿಯರಿಂದ ಕಲಿಯಬೇಕು. ನಾನು ಅವರ ಮೇಲೆ ಐದಾರು ತಂತ್ರ ಮಾಡಿದೆ. ಅವರು ನನಗೆ ಒಂದೇ ಒಂದು ಮಾಡಿದರು, ಅದೂ ನಿಜವನ್ನೇ ಬರೆದು.

ಅವರು ಹೃದಯ ನಿಂತು ಹೋದರು ಎಂದು ಸುದ್ದಿ ಬಂತು. ಇಕ್ಬಾಲ್ ಭಾಯಿ ಹೋಗಿಬಂದರು. ನಾನು ಮಂಡಿನೋವು ಎಂದೆ. ಫೋನು ಮಾತ್ರ ಮುಂದಿನ ಶುಕ್ರವಾರವೂ ಹೇಳಿತು. ಹೇಳಿದವರು ಸತ್ತಿದ್ದಾರೆಂದು ಅದಕ್ಕೆ ಗೊತ್ತಿಲ್ಲ.

ಇಷ್ಟನ್ನು ಬರೆದು ಮುಗಿಸಿದ ಮೇಲೆ ನನಗೆ ಹಗುರಾಯಿತು. ಸಂಚಿಕೆಯವರಿಗೆ ಕಳಿಸೋಣ ಎಂದುಕೊಂಡೆ. ಆಗ ಹೊಳೆಯಿತು: ಇದು ಯಾಕೆ ಇಷ್ಟು ಸುಲಭವಾಗಿ ಬಂತು? ಕನ್ನಡದಲ್ಲಿ ಬರೆದೆ, ಅದಕ್ಕೆ. ಅವರ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಇದೂ ಒಂದು ಅಡಗುವ ಜಾಗ.

ಅದೇ ವಾರ ಇಕ್ಬಾಲ್ ಭಾಯಿ ಮಾತಿನ ನಡುವೆ ಹೇಳಿದರು: "ಪಾಪ, ಆ ಹುಡುಗಿ ಹೆದರ್ಕೊಂಡಿದಾಳೆ. ಅಜ್ಜಿಗಿತ್ತು, ಅಪ್ಪನಿಗಿತ್ತು, ಮುಂದೆ ನಂಗೇ ಅಂತ. ಟೆಸ್ಟ್ ಮಾಡಿಸ್ಕೋತೀನಿ ಅಂತಿದ್ಲು."

ಕೋಣೆಯ ಬಾಗಿಲು ಹಾಕಿಕೊಂಡು, ಎಷ್ಟೋ ಕಾಲದ ಮೇಲೆ ಗುಂಡಿ ಒತ್ತಿ ಹಿಡಿದೆ. 'ನಿಮ್ಮ ತಂದೆಗೆ ಮರೆವಿನ ಕಾಯಿಲೆ ಇರಲಿಲ್ಲ, ಅವರ ಫೋನನ್ನು ಕೆಡಿ‌ಸಿದವನು ನಾನು, ಇಂಗ್ಲಿಷಿನಲ್ಲಿ ಹೇಗೆ ಹೇಳುವುದು' ಎಂದು ಕೇಳಿದೆ. ಅದು ಹೇಳಿತು. ನಾನು ಹೇಳಿದೆ. ಮತ್ತೆ ಹೇಳಿತು. ನಗಲಿಲ್ಲ. ಈ ಸಲ ಹಿಸ್ಟರಿ ಅಳಿಸಲಿಲ್ಲ.

ಶುಕ್ರವಾರ ದನಿ ತಗ್ಗಿಸದೆ ಫೋನನ್ನು ತಟ್ಟೆಯಲ್ಲಿಟ್ಟೆ. ಹನ್ನೊಂದಕ್ಕೆ ಅದು ಹೇಳಿತು. ಕೈಗೆತ್ತಿಕೊಂಡೆ.

"ಫೋನ್ ತಟ್ಟೆಗೆ, ಊಟ ಬಾಯಿಗೆ" ಎಂದು ಇಕ್ಬಾಲ್ ಭಾಯಿ ಸಾರ್ ದನಿಯಲ್ಲೇ ಅಣಕಿಸಿದರು. ನಾನು ಹೊರಗೆ ಹೋಗಲಿಲ್ಲ. ಟಿವಿಯ ಮುಂದೆ ಕೂತು ಆ ನಂಬರು ಒತ್ತಿದೆ. ಸ್ಪೀಕರ್ ಹಾಕಿದೆ.

"ಹಾಯ್ ಅಂಕಲ್. ಎವ್ರಿಥಿಂಗ್ ಓಕೆ?"

ಬಾಯಿಪಾಠ ಮಾಡಿದ ಮೊದಲ ವಾಕ್ಯ ಬಂತು. ಎರಡನೆಯದು ಮರೆತೇಹೋಯಿತು. "ಯುವರ್ ಫಾದರ್, ನೋ ಡಿಸೀಸ್. ಫೋನ್ ಐ ಸ್ಪಾಯ್ಲ್ಡ್. ಮ್ಯಾಪ್ ಐ ಚೇಂಜ್ಡ್. ಹೋಮ್ ಅಡ್ರೆಸ್ ಐ ಚೇಂಜ್ಡ್. ಫಾರ್ ರಿವೆಂಜ್" ಎಂದೆ. ನನ್ನ ಇಂಗ್ಲಿಷಿಗೆ ಯಾರೂ ನಗಲಿಲ್ಲ.



"ಹೀ ಟೋಲ್ಡ್ ಮಿ" ಎಂದಳು. "ಅಪ್ಪ ಟೋಲ್ಡ್ ಮಿ, ಎಗೇನ್ ಅಂಡ್ ಎಗೇನ್." ಆಮೇಲೆ ಫೋನ್ ಇಟ್ಟಳು.

ನಾನು ತಲೆ ಎತ್ತಲಿಲ್ಲ. ಹರಿವಾಣದಲ್ಲಿ ವೈರು ಎಳೆದ ಸದ್ದಾಯಿತು. ಗಂಗಮ್ಮನವರು ತಮ್ಮ ಫೋನನ್ನು ತೆಗೆದು ಸೆರಗಿನಡಿ ಇಟ್ಟುಕೊಂಡರು. ಆಮೇಲೆ ಇಕ್ಬಾಲ್ ಭಾಯಿ. ಆಮೇಲೆ ಉಳಿದವರು, ಒಬ್ಬೊಬ್ಬರಾಗಿ. ತಟ್ಟೆಯಲ್ಲಿ ವೈರುಗಳಷ್ಟೇ ಉಳಿದವು.

"ಈ ಪಿನ್ ಚೇಂಜ್ ಮಾಡೋದು ಹೆಂಗ್ರೀ?" ಎಂದು ಗಂಗಮ್ಮನವರು ಇಕ್ಬಾಲ್ ಭಾಯಿಯನ್ನು ಕೇಳಿದರು.

"ನಂಗೂ ಗೊತ್ತಿಲ್ಲಮ್ಮ. ಸಾರೇ ಇಟ್ಟುಕೊಟ್ಟಿದ್ದಲ್ವಾ" ಎಂದರು ಇಕ್ಬಾಲ್ ಭಾಯಿ. ಗಂಗಮ್ಮನವರು ಪಕ್ಕದವರನ್ನು ಕೇಳಿದರು. ಅವರಿಗೂ ಗೊತ್ತಿರಲಿಲ್ಲ.

ಅದು ಹೇಗೆಂದು ಆ ಕೋಣೆಯಲ್ಲಿ ಬಲ್ಲವನು ನಾನೊಬ್ಬನೇ. ಯಾರೂ ನನ್ನನ್ನು ಕೇಳಲಿಲ್ಲ.